ಗಾಳಿ ಯಾವ ಊರಿಂದ ಬಂತು

ನಾರ್ವೆಯ ಪಶ್ಚಿಮ ಕರಾವಳಿಯಾಚೆ, ಲೊಫೋಟೆನ್ ದ್ವೀಪಸಾಲಿನ ತುತ್ತತುದಿಯಲ್ಲಿ ರೋಸ್ಟ್ ಎಂಬ ಪುಟ್ಟ ದ್ವೀಪವಿದೆ. ರಷ್ಯಾದ ಯಾಕೂಟಿಯಾದಲ್ಲಿ, ಯಾನಾ ನದಿಯ ದಂಡೆಯ ಮೇಲೆ ವೆರ್ಖೊಯಾನ್ಸ್ಕ್ ಎಂಬ ಪಟ್ಟಣವಿದೆ. ಭೂಪಟದಲ್ಲಿ ಎರಡನ್ನೂ ಒಂದೇ ಗೆರೆ ಹಾದುಹೋಗುತ್ತದೆ: ಉತ್ತರ ಅಕ್ಷಾಂಶ 67.5 ಡಿಗ್ರಿ, ಆರ್ಕ್‌ಟಿಕ್ ವೃತ್ತದಿಂದ ಒಂದು ಡಿಗ್ರಿಯಷ್ಟು ಮೇಲೆ. ಡಿಸೆಂಬರ್ 21ರ ಆಸುಪಾಸಿನ ಕೆಲವು ದಿನ ಎರಡೂ ಕಡೆ ಸೂರ್ಯ ಹುಟ್ಟುವುದೇ ಇಲ್ಲ. ಜನವರಿ ಬಂದರೂ ನಡುಹಗಲಿನ ಸೂರ್ಯ ದಿಗಂತವನ್ನು ಸವರಿಕೊಂಡು ಮರೆಯಾಗುತ್ತಾನೆ. ಬಿಸಿಲಿನ ಲೆಕ್ಕದಲ್ಲಿ ಎರಡೂ ಊರು ಸಮಾನ ಬಡವರು. ಆದರೆ ರೋಸ್ಟ್‌ನಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಸೆಲ್ಸಿಯಸ್ ಮೇಲಿದ್ದರೆ, ವೆರ್ಖೊಯಾನ್ಸ್ಕ್‌ನಲ್ಲಿ ಅದು ಮೈನಸ್ 45ರ ಹತ್ತಿರ.

ಮೈನಸ್ 39ರ ಆಸುಪಾಸಿನಲ್ಲಿ ಪಾದರಸ ಗಟ್ಟಿಯಾಗುತ್ತದೆ. ಹಾಗಾಗಿ ವೆರ್ಖೊಯಾನ್ಸ್ಕ್‌ನ ಸಾಮಾನ್ಯ ಜನವರಿಯನ್ನು ಪಾದರಸದ ಥರ್ಮಾಮೀಟರಿನಲ್ಲಿ ಅಳೆಯುವಂತಿಲ್ಲ, ಆಲ್ಕೊಹಾಲ್ ತುಂಬಿದ ಕೊಳವೆ ಬೇಕು. 1892ರ ಫೆಬ್ರವರಿಯಲ್ಲಿ ಅಲ್ಲಿ ಮೈನಸ್ 67.8 ದಾಖಲಾಯಿತು. ರೋಸ್ಟ್‌ನ ಜನರ ಬದುಕು ನಿಂತಿರುವುದು ಇದಕ್ಕೆ ತೀರ ಬೇರೆಯದೇ ಚಳಿಯ ಮೇಲೆ. ಚಳಿಗಾಲದಲ್ಲಿ ಬ್ಯಾರೆಂಟ್ಸ್ ಸಮುದ್ರದಿಂದ ಮೊಟ್ಟೆಯಿಡಲು ಇಳಿದುಬರುವ ಕಾಡ್ ಮೀನನ್ನು ಹಿಡಿದು, ಫೆಬ್ರವರಿಯಿಂದ ಮೇವರೆಗೆ ಮರದ ಚೌಕಟ್ಟುಗಳಿಗೆ ತೂಗುಹಾಕುತ್ತಾರೆ. ಉಪ್ಪು ಹಚ್ಚುವುದಿಲ್ಲ, ಸುಡುಬಿಸಿಲೂ ಬೇಕಿಲ್ಲ. ಉಷ್ಣತೆ ಸೊನ್ನೆಯ ಆಚೀಚೆ ಇದ್ದರೆ ಸಾಕು, ಕಡಲ ಗಾಳಿಯೇ ಒಣಗಿಸುತ್ತದೆ. ಚಳಿ ಹೆಚ್ಚಾದರೆ ಮಾಂಸದೊಳಗೆ ಮಂಜುಗಡ್ಡೆ ಕಟ್ಟಿ ಮೀನು ಕೆಡುತ್ತದೆ. ಸೆಕೆ ಹೆಚ್ಚಾದರೆ ನೊಣ ಮುತ್ತುತ್ತದೆ. 1432ರ ಜನವರಿಯಲ್ಲಿ ವೆನಿಸಿನ ವರ್ತಕ ಪಿಯೆಟ್ರೊ ಕ್ವೆರಿನಿ ಹಡಗು ಕಳೆದುಕೊಂಡು, ಚಿಕ್ಕ ದೋಣಿಯಲ್ಲಿ ತೇಲುತ್ತ ಬಂದು ಮುಟ್ಟಿದ್ದು ರೋಸ್ಟ್ ಬಳಿಯ ಒಂದು ನಿರ್ಜನ ದ್ವೀಪವನ್ನು. ಸಂಗಾತಿಗಳಲ್ಲಿ ಬಹುಪಾಲು ಜನ ಸತ್ತಿದ್ದರು. ಉಳಿದವರು ಕಡಲಂಚಿನ ಚಿಪ್ಪುಜೀವಿಗಳನ್ನು ತಿಂದು ದಿನ ದೂಡಿದರು; ಆಮೇಲೆ ರೋಸ್ಟ್‌ನ ಬೆಸ್ತರು ಅವರನ್ನು ಕಂಡು ಮನೆಗೆ ಕರೆದೊಯ್ದು ಸಾಕಿದರು. ಆರ್ಕ್‌ಟಿಕ್ ವೃತ್ತದೊಳಗೆ, ನಡುಚಳಿಗಾಲದಲ್ಲಿ, ಇಟಲಿಯ ಕೆಲವರಾದರೂ ಜೀವ ಉಳಿಸಿಕೊಂಡರು. ಅದೇ ಗೆರೆಯ ಮೇಲೆ ಪೂರ್ವಕ್ಕೆ ಸಾವಿರಾರು ಕಿಲೋಮೀಟರ್ ಆಚೆ ಅವರು ಒಂದು ರಾತ್ರಿಯನ್ನೂ ಕಳೆಯಲಾರದೆ ಹೋಗುತ್ತಿದ್ದರು.

ಆಕಾಶದಲ್ಲಿ ಸೂರ್ಯನೇ ಇಲ್ಲದಾಗ ರೋಸ್ಟ್‌ಗೆ ಈ ಬಿಸಿ ಬಂದದ್ದಾದರೂ ಎಲ್ಲಿಂದ? ಹಿಂದಿನ ಬೇಸಿಗೆಯಿಂದ, ಮತ್ತು ದಕ್ಷಿಣದ ಕಡಲಿನಿಂದ. ಎರಡನ್ನೂ ಹೊತ್ತು ತಂದದ್ದು ಗಾಳಿ ಮತ್ತು ನೀರು. ಅಕ್ಷಾಂಶ ನಮಗೆ ತಿಳಿಸುವುದು ಒಂದೇ ಸಂಗತಿ: ಸೂರ್ಯನಿಂದ ಒಂದು ಊರಿಗೆ ಎಷ್ಟು ಶಾಖ ಸಿಗಬೇಕು. ಬೇಸಿಗೆಯಲ್ಲಿ ಆ ಲೆಕ್ಕ ಬಹುಮಟ್ಟಿಗೆ ನಡೆಯುತ್ತದೆ. ಚಳಿಗಾಲದಲ್ಲಿ ಸೂರ್ಯನ ಕೊಡುಗೆ ಕುಗ್ಗುತ್ತದೆ. ಆಗ ಊರಿನ ಉಷ್ಣತೆಯನ್ನು ನಿರ್ಧರಿಸುವುದು ಅದರ ಮೇಲೆ ಬೀಸುವ ಗಾಳಿ ಕಳೆದ ಕೆಲವು ದಿನ ಎಲ್ಲಿತ್ತು, ಯಾವುದರ ಮೇಲೆ ಹಾದು ಬಂತು ಎಂಬುದು. ಚಳಿಯ ಬಗ್ಗೆ ನಾನು ಓದಿದ್ದರಲ್ಲೆಲ್ಲ ಇಷ್ಟು ಸರಳವಾಗಿದ್ದು ಇಷ್ಟು ದೂರ ಕರೆದೊಯ್ಯುವ ವಿಚಾರ ಇನ್ನೊಂದಿಲ್ಲ.

ಮೊದಲು ಕಡಲು ಮತ್ತು ನೆಲದ ವ್ಯತ್ಯಾಸ. ಬಚ್ಚಲ ಒಲೆಯ ಮೇಲಿನ ಹಂಡೆ ಬೆಂಕಿ ಆರಿ ಎಷ್ಟೋ ಹೊತ್ತಾದರೂ ಬೆಚ್ಚಗಿರುತ್ತದೆ. ರೊಟ್ಟಿಯ ಹಂಚು ಇಳಿಸಿದ ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ. ಕಡಲು ಹಂಡೆ, ನೆಲ ಹಂಚು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದ ಐದನೇ ಒಂದು ಪಾಲು ಒಣಮಣ್ಣಿಗೋ ಕಲ್ಲಿಗೋ ಸಾಕು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಬೇಸಿಗೆಯ ಬಿಸಿ ನೆಲದೊಳಗೆ ಇಳಿಯುವುದು ಕೆಲವೇ ಮೀಟರ್. ಕಡಲಿನಲ್ಲಿ ಅಲೆಯೂ ಗಾಳಿಯೂ ನೀರನ್ನು ಕಲಕಿ ಆ ಬಿಸಿಯನ್ನು ಹತ್ತಾರು ಮೀಟರ್ ಆಳಕ್ಕೆ ಬೆರೆಸುತ್ತವೆ. ಚಳಿಗಾಲದಲ್ಲಿ ಮೇಲ್ಪದರ ತಣ್ಣಗಾದರೆ ಅದು ಭಾರವಾಗಿ ಮುಳುಗುತ್ತದೆ, ಕೆಳಗಿನ ಬೆಚ್ಚಗಿನ ನೀರು ಆ ಜಾಗಕ್ಕೆ ಬರುತ್ತದೆ. ಹೀಗೆ ಕಡಲು ಬೇಸಿಗೆಯಲ್ಲಿ ಕೂಡಿಟ್ಟ ಶಾಖವನ್ನು ತಿಂಗಳುಗಟ್ಟಲೆ ನಿಧಾನವಾಗಿ ಗಾಳಿಗೆ ಬಿಟ್ಟುಕೊಡುತ್ತ ಹೋಗುತ್ತದೆ. ಗಾಳಿಯ ಕೈಯಲ್ಲಿ ಅಂಥ ಉಗ್ರಾಣವಿಲ್ಲ. ನೆಲದಿಂದ ಬಾಹ್ಯಾಕಾಶದ ಅಂಚಿನವರೆಗಿನ ಇಡೀ ವಾಯುಮಂಡಲ ಹಿಡಿದಿಡಬಲ್ಲ ಶಾಖವೂ ಕಡಲಿನ ಮೇಲಿನ ಎರಡೂವರೆ ಮೂರು ಮೀಟರ್ ನೀರು ಹಿಡಿದಿಡುವಷ್ಟೇ. ಗಾಳಿ ಸಾಗಿಸಬಲ್ಲದು, ಕೂಡಿಡಲಾರದು.

ವೆರ್ಖೊಯಾನ್ಸ್ಕ್‌ನ ರಾತ್ರಿಯನ್ನು ನೋಡಿ. ಒಣಗಾಳಿ, ಮೋಡವಿಲ್ಲದ ಆಕಾಶ, ನೆಲದ ಮೇಲೆ ಹಿಮದ ಹೊದಿಕೆ. ಹಿಮ ಸಿಕ್ಕ ಅಲ್ಪ ಬೆಳಕನ್ನೂ ಹಿಂದಿರುಗಿಸುತ್ತದೆ. ಕೆಳಗಿನ ನೆಲದಲ್ಲಿ ಉಳಿದಿರುವ ಬಿಸಿ ಮೇಲೆ ಬರದಂತೆ ತಡೆಯುತ್ತದೆ. ತನ್ನಲ್ಲಿರುವುದನ್ನು ಅವಕೆಂಪು ಕಿರಣವಾಗಿ ಆಕಾಶಕ್ಕೆ ಸುರಿಯುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಬೆಟ್ಟದ ಇಳಿಜಾರಿನಿಂದ ಜಾರಿ ನದಿಯ ಕಣಿವೆಯಲ್ಲಿ ಮಡುಗಟ್ಟುತ್ತದೆ. ಅಲ್ಲಿ ಬೆಟ್ಟ ಹತ್ತಿದರೆ ಚಳಿ ಕಡಿಮೆಯಾಗುತ್ತದೆ. ಹೀಗೆ ತಿಂಗಳುಗಟ್ಟಲೆ ಕೂಡಿಕೊಂಡ ತಣ್ಣನೆಯ ಭಾರದ ಗಾಳಿಯೇ ಸೈಬೀರಿಯಾದ ಅಧಿಕ ಒತ್ತಡ ಪ್ರದೇಶ. 1968ರ ಡಿಸೆಂಬರ್ 31ರಂದು ಸೈಬೀರಿಯಾದ ಅಗಾಟಾದಲ್ಲಿ, ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದಾಗ, ವಾಯುಭಾರ 1083.8 ಹೆಕ್ಟೊಪಾಸ್ಕಲ್ ಇತ್ತು. ಸಾಮಾನ್ಯವಾಗಿ ಅದು 1013ರ ಆಸುಪಾಸು. ವೆರ್ಖೊಯಾನ್ಸ್ಕ್‌ನಿಂದ ಉತ್ತರಕ್ಕೆ ನಾಲ್ಕೈನೂರು ಕಿಲೋಮೀಟರಿನಲ್ಲಿ ಕಡಲಿದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಚಳಿಗಾಲದಲ್ಲಿ ಅದರ ಮೇಲೆ ದಪ್ಪ ಮಂಜುಗಡ್ಡೆಯ ಮುಚ್ಚಳ ಬಿದ್ದಿರುತ್ತದೆ. ಮುಚ್ಚಳದಡಿಯ ನೀರು ಗಾಳಿಯ ಪಾಲಿಗೆ ಇಲ್ಲದಂತೆಯೇ. ಬೇಸಿಗೆಯಲ್ಲಿ ಇದೇ ನೆಲ ಅಷ್ಟೇ ಬೇಗ ಕಾಯುತ್ತದೆ: 2020ರ ಜೂನ್ 20ರಂದು ವೆರ್ಖೊಯಾನ್ಸ್ಕ್‌ನಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಒಂದೇ ಊರು ಕಂಡ ಎರಡು ಅಂಚುಗಳ ನಡುವೆ ನೂರು ಡಿಗ್ರಿಗೂ ಮೀರಿದ ಅಂತರ!

ಕಡಲ ಪಕ್ಕದಲ್ಲಿರುವುದೇ ಸಾಕಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಸಾಕಾಗುವುದಿಲ್ಲ. ಸಮಭಾಜಕದ ಕಡೆಯಿಂದ ಧ್ರುವದತ್ತ ಸಾಗುವ ಗಾಳಿಯನ್ನು ಭೂಮಿಯ ತಿರುಗುವಿಕೆ ಉತ್ತರಾರ್ಧದಲ್ಲಿ ಬಲಕ್ಕೆ ತಿರುಗಿಸುತ್ತದೆ. ಅದರಿಂದ 35ರಿಂದ 65 ಡಿಗ್ರಿವರೆಗಿನ ಪಟ್ಟಿಯಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ಖಂಡವೊಂದರ ಪಶ್ಚಿಮ ದಂಡೆಯ ಊರಿಗೆ ಕಡಲು ದಾಟಿ ಬಂದ ಗಾಳಿ ಸಿಗುತ್ತದೆ. ಪೂರ್ವ ದಂಡೆಯ ಊರಿಗೆ, ಎದುರಿಗೇ ಕಡಲಿದ್ದರೂ, ಬೆನ್ನಿನ ಕಡೆಯಿಂದ ಇಡೀ ಖಂಡವನ್ನು ದಾಟಿ ಬಂದ ಗಾಳಿ. ಲಂಡನ್ನಿನಿಂದ ಪೂರ್ವಕ್ಕೆ, ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ ಸಾಗಿದರೆ ಕಡಲ ಗಾಳಿಯ ಬಿಸಿ ಹಂತಹಂತವಾಗಿ ಕರಗುವುದು ಕಾಣುತ್ತದೆ. ಜನವರಿಯ ಸರಾಸರಿ ಲಂಡನ್ನಿನಲ್ಲಿ 5 ಡಿಗ್ರಿಗಿಂತ ತುಸು ಹೆಚ್ಚು, ವಾರ್ಸಾದಲ್ಲಿ ಸೊನ್ನೆಗಿಂತ ಒಂದೆರಡು ಕೆಳಗೆ, ವೋಲ್ಗಾ ದಂಡೆಯ ಸಮಾರಾದಲ್ಲಿ ಮೈನಸ್ 10ರ ಸುಮಾರು, ಇರ್ಕುಟ್ಸ್ಕ್‌ನಲ್ಲಿ ಮೈನಸ್ 17, 18. ಇರ್ಕುಟ್ಸ್ಕ್ ಪಕ್ಕದ ಬೈಕಲ್ ಸರೋವರ 1,642 ಮೀಟರ್ ಆಳ. ಅಷ್ಟು ನೀರು ತಣ್ಣಗಾಗಲು ಹೊತ್ತು ಬೇಕು, ಅದಕ್ಕೇ ಅದು ಹೆಪ್ಪುಗಟ್ಟುವುದು ಜನವರಿಗೆ. ಅಲ್ಲಿಯವರೆಗೂ ಸರೋವರದ ದಡದ ಹಳ್ಳಿಗಳಲ್ಲಿ ಪಟ್ಟಣಕ್ಕಿಂತ ಚಳಿ ಕಡಿಮೆ.

ಒಂದೇ ಉಷ್ಣತೆಯ ಊರುಗಳನ್ನು ಗೆರೆಯಿಂದ ಜೋಡಿಸಿ ನೋಡುವ ಉಪಾಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್‌ನದು. 1817ರಲ್ಲಿ ಆತ ಸಮೋಷ್ಣ ರೇಖೆಗಳನ್ನು ಪ್ರಕಟಿಸಿದ. ಅಕ್ಷಾಂಶದ ಗೆರೆಗಳು ನೆಟ್ಟಗಿದ್ದರೆ ಈ ಗೆರೆಗಳು ಕಡಲ ಮೇಲೆ ಉಬ್ಬಿ, ನೆಲದ ಮೇಲೆ ತಗ್ಗಿ ಹೊರಳಾಡಿದವು. ಯೂರೋಪಿನ ಜನವರಿಯ ಸಮೋಷ್ಣ ರೇಖೆಗಳು ಪೂರ್ವ ಪಶ್ಚಿಮವಾಗಿ ಮಲಗುವ ಬದಲು ಬಹುಪಾಲು ಉತ್ತರ ದಕ್ಷಿಣವಾಗಿ ನಿಲ್ಲುತ್ತವೆ. ಅಲ್ಲಿ ಚಳಿ ಇರುವುದು ಉತ್ತರದಲ್ಲಲ್ಲ, ಪೂರ್ವದಲ್ಲಿ. ವಿಜ್ಞಾನದಲ್ಲಿ ಒಂದು ಒಳ್ಳೆಯ ಚಿತ್ರ ನೂರು ಪುಟದ ವಾದಕ್ಕಿಂತ ದೊಡ್ಡ ಕೆಲಸ ಮಾಡಿದ ಸಂದರ್ಭಗಳಲ್ಲಿ ಇದೂ ಒಂದೆಂದು ನಾನು ನಂಬಿದ್ದೇನೆ.

ಈ ನಕ್ಷೆ ಎರಡು ಶತಮಾನ ಮೊದಲೇ ಸಿಕ್ಕಿದ್ದರೆ ಕೆಲವರ ಜೀವ ಉಳಿಯುತ್ತಿತ್ತು. 1604ರಲ್ಲಿ ಫ್ರೆಂಚರು ಇಂದಿನ ಅಮೆರಿಕ ಮತ್ತು ಕೆನಡಾ ಗಡಿಯ ಸೇಂಟ್ ಕ್ರುವಾ ನದಿಯ ದ್ವೀಪದಲ್ಲಿ ವಸಾಹತು ಹೂಡಿದರು. ಅಕ್ಷಾಂಶ 45 ಡಿಗ್ರಿ. ಫ್ರಾನ್ಸಿನಲ್ಲಿ ಅದು ದ್ರಾಕ್ಷಿ ಬೆಳೆಯುವ ಬೋರ್ಡೋ ಸೀಮೆಯ ಅಕ್ಷಾಂಶ. ನದಿಯ ಮಂಜುಗಡ್ಡೆ ಅವರನ್ನು ದಡದಿಂದ ಬೇರ್ಪಡಿಸಿತು. ಸೌದೆಗೂ ಸಿಹಿನೀರಿಗೂ ಆಚೆ ಹೋಗಲಾಗಲಿಲ್ಲ. ಸೇಬಿನ ಮದ್ಯ ಹೆಪ್ಪುಗಟ್ಟಿ, ಅದನ್ನು ತೂಕ ಹಾಕಿ ಹಂಚಬೇಕಾಯಿತು. ತಾಜಾ ಆಹಾರವಿಲ್ಲದೆ ಸ್ಕರ್ವಿ ಹಬ್ಬಿ, 79 ಜನರಲ್ಲಿ 35 ಮಂದಿ ಸತ್ತರು. ಜೊತೆಯಲ್ಲಿದ್ದ ಸಾಮ್ಯುಯೆಲ್ ದ ಶಾಂಪ್ಲೇನ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಮೂರು ವರ್ಷದ ನಂತರ ಇಂಗ್ಲಿಷರು ಇನ್ನೂ ತುಸು ದಕ್ಷಿಣಕ್ಕೆ, ಮೇನ್ ಕರಾವಳಿಯಲ್ಲಿ ಕಟ್ಟಿದ ಪಾಪಮ್ ವಸಾಹತಿನಲ್ಲೂ ಮೊದಲ ಚಳಿಗಾಲ ಕಠೋರವಾಗಿತ್ತು. 1608ರಲ್ಲಿ ಅವರು ಊರಿಗೆ ಮರಳಿದರು. ಅವರೆಲ್ಲ ಬಿಸಿಲಿನ ಲೆಕ್ಕ ನೋಡಿ ಬಂದವರು. ಅವರಿಗೆ ಎದುರಾದದ್ದು ಕೆನಡಾದ ಹಿಮಬಯಲನ್ನು ದಾಟಿ ಬಂದ ವಾಯವ್ಯದ ಗಾಳಿ. ಆ ದಂಡೆಯ ಕಡಲೂ ನೆರವಿಗೆ ಬರುವಂಥದ್ದಲ್ಲ: ಲ್ಯಾಬ್ರಡಾರ್ ಪ್ರವಾಹ ಗ್ರೀನ್‌ಲ್ಯಾಂಡಿನ ಕಡೆಯಿಂದ ತಣ್ಣೀರನ್ನೂ ಹಿಮಬಂಡೆಗಳನ್ನೂ ಕೆಳಕ್ಕೆ ತರುತ್ತದೆ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ಜಾಗದ ಅಕ್ಷಾಂಶ 41.7 ಡಿಗ್ರಿ. ರೋಮ್ ನಗರದ್ದು 41.9.

ಈಗ ಬಹಳ ಜನ ಕೇಳಿರುವ ಉತ್ತರಕ್ಕೆ ಬರೋಣ. ಯೂರೋಪು ಬೆಚ್ಚಗಿರುವುದು ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಪ್ರವಾಹದಿಂದ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಪ್ರವಾಹ ಇರುವುದು ನಿಜ. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಸಂಬಂಧಿ, ಹಡಗಿನ ನಾಯಕ ಟಿಮೊಥಿ ಫೋಲ್ಗರ್‌ನ ನೆರವಿನಿಂದ ಅದರ ನಕ್ಷೆ ಮಾಡಿಸಿದ. 1855ರಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೋರಿ ತನ್ನ ಸಾಗರ ಭೂಗೋಳದ ಪುಸ್ತಕದಲ್ಲಿ, ಯೂರೋಪಿನ ಚಳಿಯನ್ನು ತಗ್ಗಿಸುವುದು ಈ ಪ್ರವಾಹವೇ ಎಂದು ಮನಮುಟ್ಟುವಂತೆ ಬರೆದ. ಅಲ್ಲಿಂದ ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬಂತು. 2002ರಲ್ಲಿ ರಿಚರ್ಡ್ ಸೀಗರ್, ಡೇವಿಡ್ ಬ್ಯಾಟಿಸ್ಟಿ ಮತ್ತು ಜೊತೆಗಾರರು ಇದನ್ನು ಪರೀಕ್ಷೆಗೆ ಒಡ್ಡಿದರು. ಕಂಪ್ಯೂಟರ್ ಮಾದರಿಯಲ್ಲಿ ಕಡಲಿನ ಪ್ರವಾಹಗಳು ಶಾಖ ಸಾಗಿಸುವುದನ್ನು ನಿಲ್ಲಿಸಿದರು. ಕಡಲು ಬೇಸಿಗೆಯಲ್ಲಿ ಕಾದು ಚಳಿಗಾಲದಲ್ಲಿ ಶಾಖ ಬಿಡುವುದನ್ನು ಮಾತ್ರ ಉಳಿಸಿದರು. ಅಟ್ಲಾಂಟಿಕ್‌ನ ಎರಡೂ ದಂಡೆ ತಣ್ಣಗಾದವು, ಆದರೆ ಅವುಗಳ ನಡುವಿನ ಚಳಿಯ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಚಳಿಗಾಲದಲ್ಲಿ ಆ ಕಡಲು ಗಾಳಿಗೆ ಕೊಡುವ ಶಾಖದಲ್ಲಿ ಹೆಚ್ಚಿನ ಪಾಲು ಅದೇ ಜಾಗದಲ್ಲಿ ಬೇಸಿಗೆಯಲ್ಲಿ ಹೀರಿಕೊಂಡದ್ದು, ದೂರದಿಂದ ಪ್ರವಾಹ ಹೊತ್ತು ತಂದದ್ದಲ್ಲ.

ಅವರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಪ್ರಿಯವಾದದ್ದು. ಮಾದರಿಯಿಂದ ಪರ್ವತಗಳನ್ನೇ ಅಳಿಸಿಹಾಕಿದರು. ಪಡುವಣ ಗಾಳಿ ಅಮೆರಿಕದ ರಾಕಿ ಪರ್ವತಸಾಲನ್ನು ದಾಟುವಾಗ ಅದರ ದಾರಿ ಬಾಗುತ್ತದೆ: ಪರ್ವತದ ಪೂರ್ವಕ್ಕೆ ಅದು ದಕ್ಷಿಣದತ್ತ ಇಳಿಯುತ್ತದೆ, ಅಟ್ಲಾಂಟಿಕ್‌ನ ಮೇಲೆ ಮತ್ತೆ ಉತ್ತರಕ್ಕೆ ಹೊರಳುತ್ತದೆ. ಇಳಿಯುವ ತೋಳು ನ್ಯೂಯಾರ್ಕ್ ಮತ್ತು ಮಾಂಟ್ರಿಯಲ್ ಕಡೆಗೆ ಆರ್ಕ್‌ಟಿಕ್‌ನ ಗಾಳಿಯನ್ನು ಎಳೆದು ತರುತ್ತದೆ. ಏರುವ ತೋಳು ಐರ್ಲೆಂಡ್, ಬ್ರಿಟನ್, ನಾರ್ವೆಗೆ ನೈಋತ್ಯದ ಬೆಚ್ಚನೆಯ ಕಡಲ ಗಾಳಿಯನ್ನು ಒಯ್ಯುತ್ತದೆ. ಪರ್ವತ ಅಳಿಸಿದಾಗ ಈ ಬಾಗು ಸಡಿಲವಾಯಿತು, ಯೂರೋಪು ತಣ್ಣಗಾಯಿತು, ಅಮೆರಿಕದ ಈಶಾನ್ಯ ಭಾಗದ ಚಳಿ ಕಡಿಮೆಯಾಯಿತು. ಕೊಲರಾಡೋದ ಕಲ್ಲುಬೆಟ್ಟಕ್ಕೂ ಡಬ್ಲಿನ್ನಿನ ಜನವರಿಗೂ ಹೀಗೊಂದು ನಂಟಿದೆ.

ಹಾಗೆಂದು ಪ್ರವಾಹವನ್ನು ಪೂರ್ತಿ ತಳ್ಳಿಹಾಕುವುದೂ ತಪ್ಪು. ಇದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದೇ ಇದೆ, ಕಡಲಿಗೆ ಇನ್ನಷ್ಟು ಪಾಲು ಕೊಡಬೇಕೆನ್ನುವವರೂ ಇದ್ದಾರೆ. ಉತ್ತರಕ್ಕೆ ಹೋದಂತೆ ಪ್ರವಾಹದ ಮಹತ್ವ ಹೆಚ್ಚುತ್ತದೆ ಎಂಬುದನ್ನಂತೂ ಒಪ್ಪಲೇಬೇಕು. ನಾರ್ವೆಯ ಉತ್ತರ ಕರಾವಳಿಯಲ್ಲಿ ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಬಂದು ಸೇರದಿದ್ದರೆ ಅಲ್ಲಿನ ಕಡಲಿನ ಮೇಲೂ ಮಂಜುಗಡ್ಡೆ ಹರಡುತ್ತಿತ್ತು, ಮುಚ್ಚಳ ಬಿದ್ದ ಕಡಲಿಂದ ಗಾಳಿಗೆ ಏನೂ ಸಿಗುತ್ತಿರಲಿಲ್ಲ. 69 ಡಿಗ್ರಿ ಅಕ್ಷಾಂಶದ ಮುರ್ಮಾನ್ಸ್ಕ್ ಬಂದರು ಚಳಿಗಾಲವಿಡೀ ಹಡಗಿಗೆ ತೆರೆದಿರುವುದು ಈ ನೀರಿನಿಂದ. ಅದಕ್ಕಿಂತ 26 ಡಿಗ್ರಿಯಷ್ಟು ದಕ್ಷಿಣದಲ್ಲಿರುವ, ಫ್ರಾನ್ಸಿನ ಮಾರ್ಸೇ ಬಂದರಿನ ಅಕ್ಷಾಂಶದಲ್ಲೇ ಇರುವ ವ್ಲಾದಿವಾಸ್ತೋಕ್‌ನಲ್ಲಿ ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟಿ ಹಡಗುಗಳಿಗೆ ದಾರಿ ಒಡೆದುಕೊಡಬೇಕಾಗುತ್ತದೆ. ಲಂಡನ್ನಿನ ಮಟ್ಟಿಗೆ ಗಾಳಿಯ ದಿಕ್ಕೇ ಮುಖ್ಯ. ರೋಸ್ಟ್‌ನ ಮಟ್ಟಿಗೆ ಗಾಳಿಯ ಜೊತೆ ಪ್ರವಾಹವನ್ನೂ ಎಣಿಸಬೇಕು.

ಪೆಸಿಫಿಕ್ ಸಾಗರ ಇದಕ್ಕೆಲ್ಲ ಒಳ್ಳೆಯ ಸಾಕ್ಷಿ. ಅಲ್ಲಿ ಅಟ್ಲಾಂಟಿಕ್‌ನಂತೆ ದೂರದ ಉತ್ತರದವರೆಗೆ ಶಾಖ ಒಯ್ದು ಆಳಕ್ಕೆ ಮುಳುಗುವ ದೊಡ್ಡ ಚಲನೆ ಇಲ್ಲ. ಆದರೂ ಪಶ್ಚಿಮ ದಂಡೆಯ ವ್ಯಾಂಕೂವರಿನಲ್ಲಿ ಜನವರಿಯ ಸರಾಸರಿ ಸೊನ್ನೆಗಿಂತ 4 ಡಿಗ್ರಿಯಷ್ಟು ಮೇಲಿದೆ. ಸುಮಾರು ಅದೇ ಅಕ್ಷಾಂಶದಲ್ಲಿ, ಏಷ್ಯಾದ ಪೂರ್ವದಂಚಿನ ಖಬಾರೊವ್ಸ್ಕ್‌ನಲ್ಲಿ ಸೊನ್ನೆಗಿಂತ ಸುಮಾರು 20 ಕೆಳಗೆ. ದಕ್ಷಿಣಾರ್ಧದಲ್ಲಿ ಈ ಅಕ್ಷಾಂಶಗಳಲ್ಲಿ ನೆಲವೇ ಕಡಿಮೆ, ಗಾಳಿಗೆ ಸಿಗುವುದೆಲ್ಲ ಕಡಲೇ. ಅಲ್ಲಿ ಇಂಥ ದೊಡ್ಡ ಅಂತರಗಳಿಲ್ಲ.

ಸೈಬೀರಿಯಾದ ಆ ಭಾರದ ಗಾಳಿ ಎಲ್ಲಾದರೂ ಹರಿಯಲೇಬೇಕು. ಪೂರ್ವಕ್ಕೂ ಆಗ್ನೇಯಕ್ಕೂ ತಡೆ ಕಡಿಮೆ. ಚೀನಾ, ಕೊರಿಯಾದ ಮೇಲೆ ಅದು ಅಲೆಅಲೆಯಾಗಿ ಇಳಿಯುತ್ತದೆ. 2016ರ ಜನವರಿ 24ರಂದು ಕರ್ಕಾಟಕ ವೃತ್ತಕ್ಕೆ ಅಂಟಿಕೊಂಡಂತಿರುವ ಗ್ವಾಂಗ್‌ಝೌ ನಗರದಲ್ಲಿ ಹಿಮ ಉದುರಿತು. ಹೆಚ್ಚುಕಡಿಮೆ ಅದೇ ಅಕ್ಷಾಂಶದ ನಮ್ಮ ಭೋಪಾಲ್ ಸಮುದ್ರಮಟ್ಟದಿಂದ 500 ಮೀಟರ್ ಎತ್ತರದಲ್ಲಿದ್ದರೂ, ಜನವರಿಯ ಸರಾಸರಿಯಲ್ಲಿ ಗ್ವಾಂಗ್‌ಝೌಗಿಂತ ಮೂರ್ನಾಲ್ಕು ಡಿಗ್ರಿ ಬೆಚ್ಚಗಿದೆ. ಸೈಬೀರಿಯಾಕ್ಕೂ ನಮಗೂ ಮಧ್ಯೆ ಹಿಮಾಲಯವೂ ಅದರ ಹಿಂದೆ ಟಿಬೆಟ್ಟಿನ ಪ್ರಸ್ಥಭೂಮಿಯೂ ನಿಂತಿವೆ. ತಣ್ಣನೆಯ ಭಾರದ ಗಾಳಿ ನೆಲಕ್ಕಂಟಿ ಹರಿಯುವಂಥದ್ದು, ಅಷ್ಟು ಎತ್ತರ ಏರಲಾರದು. ಮುಂಗಾರಿನ ಮಳೆಗಾಗಿ ನಾವು ಹಿಮಾಲಯವನ್ನು ನೆನೆಯುತ್ತೇವೆ. ಜನವರಿಯಲ್ಲಿ ಅದು ಮಾಡುವ ಕಾವಲಿನ ಕೆಲಸವೂ ಅಷ್ಟೇ ದೊಡ್ಡದು.

ನಮ್ಮದೇ ಒಂದು ಗೆರೆಯಿದೆ, 13 ಡಿಗ್ರಿಯದು. ಮಂಗಳೂರು, ಹಾಸನ, ಬೆಂಗಳೂರು, ಕೋಲಾರ, ಚೆನ್ನೈ ಹೆಚ್ಚುಕಡಿಮೆ ಅದರ ಮೇಲೇ ಇವೆ. ಇಲ್ಲಿ ಪಡುವಣ ಗಾಳಿಯ ಆಳ್ವಿಕೆ ಇಲ್ಲ. ಚಳಿಗಾಲದ ಗಾಳಿ ಈಶಾನ್ಯ ಮತ್ತು ಪೂರ್ವದಿಂದ ಬರುತ್ತದೆ. ಹಾಗಾಗಿ ದಂಡೆಗಳ ಅದೃಷ್ಟವೂ ಅದಲುಬದಲು. ಕಡಲ ಗಾಳಿ ಸಿಗುವುದು ಪೂರ್ವ ದಂಡೆಯ ಚೆನ್ನೈಗೆ, ಹಿಂಗಾರಿನ ಮಳೆಯ ಸಮೇತ. ಜನವರಿಯ ಮಧ್ಯಾಹ್ನ ಅಲ್ಲಿ 29, 30 ಡಿಗ್ರಿ. ಮಂಗಳೂರಿಗೆ ಸಿಗುವುದು ಬಯಲುಸೀಮೆಯನ್ನು ದಾಟಿ, ಒಣಗಿ, ಘಟ್ಟ ಇಳಿದು ಬಂದ ಗಾಳಿ. ಒಣಗಾಳಿ ಒಂದು ಕಿಲೋಮೀಟರ್ ಕೆಳಗಿಳಿದರೆ ಒತ್ತಡ ಹೆಚ್ಚಿದ್ದರಿಂದಲೇ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಜನವರಿಯಲ್ಲಿ ಬೆಂಗಳೂರಿನ ಮಧ್ಯಾಹ್ನದ 27, 28 ಡಿಗ್ರಿಯ ಗಾಳಿಯನ್ನು 900 ಮೀಟರ್ ಇಳಿಸಿದರೆ 36ರ ಮೇಲಾಗುತ್ತದೆ. ಮಂಗಳೂರಿನಲ್ಲಿ ಆಗ 32, 33ಕ್ಕೆ ನಿಲ್ಲುವುದು ಮಧ್ಯಾಹ್ನದ ಹೊತ್ತಿಗೆ ಏಳುವ ಕಡಲ ಗಾಳಿಯಿಂದ. ಮಳೆ ಹುಯ್ಯುವ ಜುಲೈನಲ್ಲಿ ಅಲ್ಲಿನ ಮಧ್ಯಾಹ್ನ 28, 29. ಹಗಲಿನ ಮಟ್ಟಿಗೆ ಮಂಗಳೂರಿನ ಜನವರಿಯೇ ಜುಲೈಗಿಂತ ಬಿಸಿ.

ಬೆಂಗಳೂರಿಗೆ ಇದೇ ಪೂರ್ವದ ದಿಕ್ಕಿನಿಂದ ಎರಡು ಬಗೆಯ ಚಳಿ ಬರುತ್ತದೆ. ಒಣಗಾಳಿ ಬೀಸಿ ಆಕಾಶ ತಿಳಿಯಾಗಿದ್ದರೆ ರಾತ್ರಿಯಲ್ಲಿ ನೆಲದ ಶಾಖ ತಡೆಯಿಲ್ಲದೆ ಮೇಲಕ್ಕೆ ಹೋಗುತ್ತದೆ. ಬೆಳಗಿನ ಜಾವ ಮೈ ನಡುಗಿಸುತ್ತದೆ, ಬಿಸಿಲೇರಿದರೆ ಸ್ವೆಟರ್ ಬೇಡ. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಆ ಊರಿನ ಈವರೆಗಿನ ಅತಿ ಕಡಿಮೆ ಉಷ್ಣತೆ. ಇನ್ನೊಂದು, ನವೆಂಬರ್ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಿನದು. ಚೆನ್ನೈ ಕಡೆಯಿಂದ ಮೋಡ ತುಂಬಿಕೊಂಡ ಗಾಳಿ ಮೇಲೇರಿ ಬಂದು ದಿನವಿಡೀ ಜಿಟಿಜಿಟಿ ಹಿಡಿಯುತ್ತದೆ. ಮೋಡ ಹೊದ್ದ ರಾತ್ರಿ ತೀರ ತಣ್ಣಗಾಗುವುದಿಲ್ಲ, ಆದರೆ ಬಿಸಿಲು ಕಾಣದ ಹಗಲು ಅದೇ ಮಟ್ಟದಲ್ಲಿ ನಿಂತುಬಿಡುತ್ತದೆ. ಅಂಥ ದಿನ ಬೆಂಗಳೂರಿನವರು ಮಧ್ಯಾಹ್ನವೂ ಸ್ವೆಟರ್ ಬಿಚ್ಚುವುದಿಲ್ಲ.